ಗೂಳಿಯ ಬಲ

ವಿಶ್ವಾಮಿತ್ರ ರಾಮನಿಗೆ ಬಲಾ, ಅತಿಬಲಾ ಎಂಬ ಎರಡು ವಿದ್ಯೆ ಕಲಿಸಿದ್ದು ನಿಮಗೆ ಗೊತ್ತೇ ಇದೆ. 'ಬಲ ಬರುತ್ತೆ' ಅಂತಷ್ಟೇ ಹೇಳಿ ಮುನಿ ಸುಮ್ಮನಾಗಲಿಲ್ಲ. ದಣಿವಾಗದು, ಜ್ವರ ಬಾರದು, ಹಸಿವು ಬಾಯಾರಿಕೆ ಕಾಡದು, ತೋಳ್ಬಲದಲ್ಲಿ ಸಮಾನರಿಲ್ಲ ಎಂದು ಒಂದೊಂದಾಗಿ ಎಣಿಸಿಕೊಟ್ಟ. ಆ ಎಣಿಕೆಯ ಬೆಲೆ ನನಗೆ ತಿಳಿದದ್ದು ವಡೋದರಾದಲ್ಲಿ, ಅದೂ ಒಂದು ಆಟದಿಂದ.

ನಾವು ಮೂವರು ಕನ್ನಡದವರು. ಒಬ್ಬ ಅಹಮದಾಬಾದಿನಿಂದ, ಒಬ್ಬಳು ಸೂರತ್ತಿನಿಂದ ರೈಲು ಹತ್ತಿ ಬರುತ್ತಾರೆ. ವಡೋದರಾ ನಡುವೆ ಇರೋದರಿಂದ ಭಾನುವಾರ ನನ್ನ ಕೋಣೆಯೇ ಚಾವಡಿ. ಆಡೋದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಆಟದಲ್ಲಿ ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ, ಬಾಯಲ್ಲೇ ಕಥೆ ಕಟ್ಟಬೇಕು. ಪಂಚಾಯ್ತಿ ನನ್ನದು. ವಾರವಿಡೀ ಹಿಂದಿ, ಗುಜರಾತಿ ಆಡಿದ ನಾಲಿಗೆಗೆ ಅಂದು ಕನ್ನಡ.

ಒಮ್ಮೆ ಸೂರತ್ತಿನವಳ ಪಾತ್ರದ ಮೇಲೆ 900 ಪೌಂಡಿನ ಬಂಡೆ ಬಿತ್ತು. ಎರಡು ವರ್ಷ ಬೆಳೆಸಿದ ಪಾತ್ರ. ಅಹಮದಾಬಾದಿನವನ ಯೋಧನಿಗೆ ಬಲದ ಅಂಕ 16. 2014ರ ನಿಯಮದಂತೆ ಅದರ 15 ಪಟ್ಟು, ಅಂದರೆ 240 ಪೌಂಡು ಹೊರಬಹುದು. ಎತ್ತೋದು ಅದರ ಎರಡರಷ್ಟು, 480. ಬಂಡೆಯಡಿಯಿಂದಲೇ ಅವಳು ಕೈಚಾಚಿ ಅವನನ್ನು ಮುಟ್ಟಿ 'ಗೂಳಿಯ ಬಲ' ಮಂತ್ರ ಹಾಕಿದಳು. ಹೊರುವ ಶಕ್ತಿ ಇಮ್ಮಡಿ ಅನ್ನುತ್ತದೆ ಮಂತ್ರ. ಎತ್ತುವ ಮಾತೇ ಇಲ್ಲ! ಇಬ್ಬರೂ ನನ್ನ ಮುಖ ನೋಡಿದರು. ಆದರೆ ಎತ್ತುವ ಲೆಕ್ಕ ನಿಂತಿರೋದೇ ಹೊರುವ ಲೆಕ್ಕದ ಮೇಲೆ. ಹೊರೋದು 480 ಆದರೆ ಎತ್ತೋದು 960. ಬಂಡೆ ಎದ್ದಿತು.

ಆಮೇಲೆ ಶುರುವಾಯ್ತು ಜಗಳ. ರಾಕ್ಷಸನ ಮೇಲೆ ಕತ್ತಿ ಬೀಸಲೂ ಮಂತ್ರದ ಬಲ ಬೇಕೆಂದ ಅವನು. 'ಏನ್ ಮಾರಾಯ, ಬಂಡೆ ಎತ್ತೋ ಕೈಗೆ ಹೊಡೆಯೋಕೆ ಬಲ ಇಲ್ವಾ?' ಅವನು ಆಟ ಕಲಿತದ್ದು 2003ರ ಪುಸ್ತಕದಿಂದ. ಅಲ್ಲಿ ಇದೇ ಹೆಸರಿನ ಮಂತ್ರ ಬಲದ ಅಂಕಕ್ಕೇ 4 ಕೂಡಿಸುತ್ತಿತ್ತು; ಕತ್ತಿಯ ಏಟಿಗೂ ಫಲ ಸಿಗುತ್ತಿತ್ತು. 2014ರಲ್ಲಿ ಅಂಕ ಬದಲಾಗದು. ಬಾಗಿಲೊಡೆಯುವಂಥ ಬಲಪರೀಕ್ಷೆಗೆ ಎರಡು ಸಲ ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳಬಹುದು. ಏಟಿನ ಬಾಬ್ತೇ ಬೇರೆ. ನಾನು ಕೊಡಲಿಲ್ಲ. ಅವನು ಮಾತು ಬಿಟ್ಟ.

ರೈಲಿಗೆ ಇನ್ನೂ ಹೊತ್ತಿತ್ತು. ಸಯಾಜಿಬಾಗಿನ ಬರೋಡಾ ಮ್ಯೂಸಿಯಂಗೆ ಹೋದೆವು. ಅಲ್ಲೊಂದು ಕಲ್ಲಿದೆ. 1902ರಲ್ಲಿ ಗಾಮಾ ಪೈಲ್ವಾನ್ ಎತ್ತಿದ್ದು, ತೂಕ 1200 ಕಿಲೋ ಅಂತ ಪ್ರತೀತಿ. ನಮ್ಮಾಟದಲ್ಲಿ ಬಲದ ಅಂಕ 20 ಇರುವ ವೀರ ಮಂತ್ರ ಹಾಕಿಸಿಕೊಂಡರೂ ಎತ್ತೋದು 1200 ಪೌಂಡು, ಸುಮಾರು 544 ಕಿಲೋ. ಗೆಳೆಯ ಕಲ್ಲಿಗೊಂದು ಸುತ್ತು ಹಾಕಿ ಕೊನೆಗೂ ಬಾಯಿಬಿಟ್ಟ: 'ಎತ್ತಿದ್ದೋ, ಹೊತ್ತಿದ್ದೋ?' ಅವಳೆಂದಳು: 'ಎತ್ತಿದ್ದೇ ಆದರೂ ಅಷ್ಟಕ್ಕೇ ಕುಸ್ತಿ ಗೆದ್ದ ಹಾಗಾಗಲಿಲ್ಲವಲ್ಲ!' ಅವನೂ ನಕ್ಕ.

ಇಂಗ್ಲಿಷಿನ ಪುಸ್ತಕದಲ್ಲಿ ಬಲದ ಅಂಕ ಒಂದೇ. ಕನ್ನಡದಲ್ಲಿ ಆಡುವಾಗ ಹೊರು, ಎತ್ತು, ತಳ್ಳು, ಹೊಡೆ ಎಂದು ಬಿಡಿಸಿ ಹೇಳಲೇಬೇಕಾಯ್ತು. ಹೇಳಿದ್ದೇ ತಡ, ನಿಯಮ ತಿಳಿಯಾಯ್ತು. ಕತ್ತಿಗೂ ಬಲ ಕೊಟ್ಟಿದ್ದರೆ ಗೆಳೆಯನಿಗೆ ಆ ಗಳಿಗೆ ಸಂತೋಷವಾಗುತ್ತಿತ್ತು, ನಿಜ. ಆದರೆ ಅದು ದಾಕ್ಷಿಣ್ಯ. ಎರಡನೆಯದು ದಾಕ್ಷಿಣ್ಯವಾದರೆ ಮೊದಲನೆಯದೂ ಹಾಗೇ ಕಾಣುತ್ತಿತ್ತು. ಸೂರತ್ತಿನವಳು ಬಂಡೆಯಡಿಯಿಂದ ಎದ್ದು ಬಂದದ್ದು ನನ್ನ ಕರುಣೆಯಿಂದಲ್ಲ, ತನ್ನ ಮಂತ್ರದಿಂದ. ಅದನ್ನು ಅವಳಿಂದ ಕಿತ್ತುಕೊಳ್ಳುವ ಹಕ್ಕು ಪಂಚಾಯ್ತಿದಾರನಿಗೂ ಇಲ್ಲ.