ರೇಷನ್ ಕಾರ್ಡಲ್ಲಿ ಯಜಮಾನಿ, ಪಹಣಿಯಲ್ಲಿ ಯಾರು?

ಮಾರ್ಚ್ ಬಂತು ಅಂದ್ರೆ ನಮ್ಮ ಕಟ್ಟಾಯದ ಹೆಂಗಸರದ್ದು ಒಂದೇ ಪ್ರಶ್ನೆ: ‘ಗೃಹಲಕ್ಷ್ಮಿ ದುಡ್ಡು ಈ ಸಲದ ಬಜೆಟ್‌ನಲ್ಲೂ ಇರುತ್ತಾ?’ ಆ ದುಡ್ಡಿನ ಬಗ್ಗೆ ಹಗುರವಾಗಿ ಮಾತಾಡೋರನ್ನ ಕಂಡ್ರೆ ನನಗೆ ಆಗಲ್ಲ. ತಿಂಗಳಿಗೆ 2,000, ವರ್ಷಕ್ಕೆ 24,000 ರೂಪಾಯಿ. 2023ರ ಆಗಸ್ಟ್ 30ರಂದು ಯೋಜನೆ ಶುರುವಾದ ಮೇಲೆ ಅಮ್ಮ ಬಿ.ಪಿ. ಮಾತ್ರೆಗೂ ಚೀಟಿ ಕಟ್ಟೋಕೂ ಯಾರ ಮುಂದೂ ಕೈಚಾಚಿಲ್ಲ.

ಆದರೆ ಒಂದು ವಿಷಯ ಗಮನಿಸಿ. ಆ ದುಡ್ಡು ಬರೋದು ‘ಮನೆಯ ಯಜಮಾನಿ’ಗೆ. ಅಮ್ಮನನ್ನ ರೇಷನ್ ಕಾರ್ಡಲ್ಲಿ ಯಜಮಾನಿ ಮಾಡಿದ್ದು ಬಜೆಟ್ ಅಲ್ಲ, ಕಾನೂನು. ಮನೆಯ ಹಿರಿಯ ಹೆಣ್ಣುಮಗಳೇ ಪಡಿತರ ಚೀಟಿಯ ಮುಖ್ಯಸ್ಥೆ ಅಂತ ಹೇಳಿದ್ದು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ. ಬಜೆಟ್ ಕೊಟ್ಟದ್ದನ್ನು ಮುಂದಿನ ಬಜೆಟ್ ಕಡಿಮೆ ಮಾಡಬಹುದು. ಕಾನೂನು ಕೊಟ್ಟ ಹಕ್ಕನ್ನು ಅಷ್ಟು ಸುಲಭವಾಗಿ ಕಿತ್ಕೊಳ್ಳೋಕಾಗಲ್ಲ.

ಈಗ ಅದೇ ಮನೆಯ ಪಹಣಿ ತೆಗೆದು ನೋಡಿ. ಅಲ್ಲಿ ಎಷ್ಟು ಜನ ಹೆಣ್ಣುಮಕ್ಕಳ ಹೆಸರಿದೆ?

ಈ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಎಂಬ ತಿದ್ದುಪಡಿ ಇಲ್ಲಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಆದರೆ ಅಷ್ಟರೊಳಗೆ ಮದುವೆಯಾದವರಿಗೆ ಇಲ್ಲ. 1988ರಲ್ಲಿ ಮದುವೆಯಾದ ನನ್ನ ಅತ್ತೆ ಹೊರಗೇ ಉಳಿದರು. 2005ರ ಕೇಂದ್ರದ ತಿದ್ದುಪಡಿ ಆ ಷರತ್ತನ್ನು ತೆಗೆಯಿತು. ತಾತ 1999ರಲ್ಲೇ ತೀರಿಕೊಂಡಿದ್ದರಲ್ಲ, ಹಾಗಾದ್ರೆ? ಅದಕ್ಕೂ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ವಿನೀತಾ ಶರ್ಮಾ ಪ್ರಕರಣದಲ್ಲಿ ಉತ್ತರ ಹೇಳಿತು: 2005ರಲ್ಲಿ ತಂದೆ ಬದುಕಿರಲೇಬೇಕು ಅಂತೇನಿಲ್ಲ.

ಮರುವರ್ಷವೇ ಅತ್ತೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. ಜಮೀನು ಭಾಗ ಆಗಿರಲಿಲ್ಲ, ಶುಂಠಿ ಬೆಳೆಗೆ ಸಾಲ ಬೇಕಿತ್ತು. ‘ಬಾಮ್ಮ, ಒಂದು ಸಹಿ ಅಷ್ಟೆ’ ಅಂತ ಕರೆದ ಅಣ್ಣತಮ್ಮಂದಿರಲ್ಲಿ ನಮ್ಮಪ್ಪನೂ ಒಬ್ಬರು. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು, ಒಂದು ಸೀರೆ. ‘ಯಾಕತ್ತೆ ಒಪ್ಕೊಂಡ್ರಿ?’ ಅಂತ ಕೇಳಿದ್ದಕ್ಕೆ, ‘ಇಲ್ಲ ಅಂದಿದ್ರೆ ಗೌರಿ ಹಬ್ಬಕ್ಕೆ ಬಾಗಿನ ಕೊಡೋರು ಯಾರೇ?’ ಅಂದರು. ತನ್ನ ಪಾಲು ಎಷ್ಟು ಗುಂಟೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಅದಕ್ಕೇ ಈ ಬಜೆಟ್ ಅಧಿವೇಶನದಲ್ಲಿ ನನಗೆ ಬೇಕಾಗಿರೋದು ಒಂದು ಸಣ್ಣ ಕಾನೂನು. ಹೆಣ್ಣುಮಗಳ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗೋ ಮುಂಚೆ ಅವಳ ಪಾಲು ಎಷ್ಟು ಅಂತ ಬರಹದಲ್ಲಿ ತಿಳಿಸಬೇಕು, ಯೋಚಿಸೋಕೆ 30 ದಿನ ಕೊಡಬೇಕು. ಬೇಡ ಅನ್ನೋ ಸ್ವಾತಂತ್ರ್ಯ ಅವಳಿಗೆ ಇರಲಿ. ಆದರೆ ಏನು ಬೇಡ ಅಂತಿದ್ದೀನಿ ಅನ್ನೋದು ಗೊತ್ತಿರಲಿ. ಇದಕ್ಕೆ ಖಜಾನೆಯಿಂದ ದೊಡ್ಡ ದುಡ್ಡೇನೂ ಬೇಕಿಲ್ಲ. ನೋಂದಣಿ ಕಾಯ್ದೆಗೆ ರಾಜ್ಯ ಮುಂಚೆಯೂ ತಿದ್ದುಪಡಿ ತಂದಿದೆ.

ತರೋರು ಯಾರು? 2023ರ ಚುನಾವಣೆಯಲ್ಲಿ 224 ಸ್ಥಾನಕ್ಕೆ ಗೆದ್ದ ಮಹಿಳೆಯರು 10 ಜನ. ಮಹಿಳಾ ಮೀಸಲಾತಿ ಮಸೂದೆ ಮೊದಲು ಲೋಕಸಭೆಗೆ ಬಂದದ್ದು 1996ರ ಸೆಪ್ಟೆಂಬರ್ 12ರಂದು, ನಮ್ಮ ಹೊಳೆನರಸೀಪುರದ ದೇವೇಗೌಡರು ಪ್ರಧಾನಿಯಾಗಿದ್ದಾಗ. ಅದು ಪಾಸಾಗೋಕೆ 27 ವರ್ಷ ಬೇಕಾಯ್ತು. ಸುಮ್ಮನಿದ್ದರೆ ನನ್ನ ಸಣ್ಣ ಕಾನೂನಿಗೂ ಅಷ್ಟೇ ಕಾಲ ಹಿಡಿದೀತು. ಹಾಗಾಗಿ ನಮ್ಮ ಶಾಸಕರಿಗೆ ಪತ್ರ ಬರೆದಿದ್ದೀನಿ, ಅಪ್ಪನಿಗೂ ಓದಿ ಹೇಳಿದ್ದೀನಿ. ಅವರು ಏನೂ ಅನ್ನಲಿಲ್ಲ, ಪೂರ್ತಿ ಕೇಳಿಸಿಕೊಂಡರು.

ನೀವೂ ನಿಮ್ಮ ಶಾಸಕರಿಗೆ ಬರೆಯಿರಿ. ಅಷ್ಟರೊಳಗೆ ನಿಮ್ಮಕ್ಕನನ್ನೋ ಅತ್ತೆಯನ್ನೋ ಸಹಿಗೆ ಕರೆದರೆ, 15100ಕ್ಕೆ ಫೋನ್ ಮಾಡೋಕೆ ಹೇಳಿ. ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಹೆಣ್ಣುಮಕ್ಕಳಿಗೆ ಉಚಿತ ನೆರವು ಸಿಗುತ್ತೆ. ಅದೂ ಕಾನೂನೇ ಕೊಟ್ಟ ಹಕ್ಕು.