ಪಾಂಪೆಯ ನಾಯಿಗಳು

ಇಟಲಿಯ ನೇಪಲ್ಸ್ ಬಳಿಯ ಪಾಂಪೆ ನಗರದ ಅವಶೇಷಗಳನ್ನು ನೋಡಲು ನಾಯಿಯನ್ನೂ ಜತೆಗೆ ಕರೆದೊಯ್ಯಬಹುದು. ಆದರೆ ಅದರ ತೂಕ 10 ಕಿಲೋ ಮೀರಬಾರದು. ಕೊರಳಿಗೆ ಬೆಲ್ಟು ಇರಬೇಕು. ಮನೆಗಳೊಳಗೆ ಎತ್ತಿಕೊಂಡೇ ಹೋಗಬೇಕು. ಬೇಸಿಗೆಯಲ್ಲಿ ಬೀದಿಯ ಚಪ್ಪಡಿಗಳು ಕಾದ ಹೆಂಚಿನಂತಾಗುತ್ತವೆ. ಬೆಳಿಗ್ಗೆಯೇ ಹೊರಡುವುದು ಮೇಲು, ನಾಯಿಗೆ ಚಪ್ಪಲಿ ಇಲ್ಲವಲ್ಲ!

ಈ ಊರಿಗೆ ನಾಯಿ ಹೊಸದೇನಲ್ಲ. ‘ದುರಂತ ಕವಿಯ ಮನೆ’ ಎಂದು ಕರೆಯಲಾಗುವ ಮನೆಯ ಬಾಗಿಲಲ್ಲಿ ನಿಂತು ನೆಲ ನೋಡಿದರೆ, ಪುಟ್ಟ ಪುಟ್ಟ ಕಲ್ಲುಚೂರುಗಳಲ್ಲಿ ಮೂಡಿದ ಕಪ್ಪು ನಾಯಿಯೊಂದು ಸರಪಳಿ ಸಮೇತ ಹಲ್ಲು ಕಿರಿಯುತ್ತದೆ. ಕೆಳಗೆ ಲ್ಯಾಟಿನ್ ಬರಹ: ‘ಕಾವೆ ಕಾನೆಮ್’. ಅಂದರೆ, ನಾಯಿ ಇದೆ, ಎಚ್ಚರಿಕೆ!

ಪಾಂಪೆಯ ಇನ್ನೊಂದು ನಾಯಿ ಬರೀ ಚಿತ್ರವಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಅದು ವೆಸೋನಿಯಸ್ ಪ್ರೈಮಸ್ ಎಂಬಾತನದೆನ್ನುವ ಮನೆಯಲ್ಲಿ ಕಟ್ಟಿಹಾಕಿದಂತೆಯೇ ಇತ್ತು. ದೇಹ ಕರಗಿ, ಗಟ್ಟಿಯಾದ ಬೂದಿಯಲ್ಲಿ ಅದರ ಆಕಾರದ ಪೊಳ್ಳು ಉಳಿಯಿತು. 1874ರಲ್ಲಿ ಅದರೊಳಗೆ ಪ್ಲಾಸ್ಟರ್ ಸುರಿದಾಗ, ಬೆನ್ನಡಿಯಾಗಿ, ಕಾಲು ಮೇಲೆತ್ತಿ, ಮೈ ತಿರುಚಿಕೊಂಡ ನಾಯಿ ಕಂಡಿತು. ಕೊರಳಪಟ್ಟಿಯೂ ಇತ್ತು. ಓಡುವ ಗಡಿಬಿಡಿಯಲ್ಲಿ ಮನೆಯವರಿಗೆ ಬಿಚ್ಚಲು ನೆನಪಾಗಲಿಲ್ಲವೋ, ಸಮಯ ಸಿಗಲಿಲ್ಲವೋ. ಬೂದಿ ಏರುತ್ತಿದ್ದರೂ ಸರಪಳಿಯ ಉದ್ದ ಅಷ್ಟೇ ಇತ್ತು.