ಹುತ್ರಿದುರ್ಗದಲ್ಲಿ ಒಂದು ಸ್ಥಳ ಮಹಜರು

ಕುಣಿಗಲ್ ಎಂದೊಡನೆ ನೆನಪಿಗೆ ಬರುವುದು ಅಲ್ಲಿಯ ಕೆರೆ. ಆಮೇಲೆ ಕುದುರೆ ಫಾರಂ. ಕಳೆದ ಫಾಲ್ಗುಣದ ಒಂದು ಭಾನುವಾರ ನಾವು ಆ ಎರಡನ್ನೂ ಬಿಟ್ಟು, ಊರು ಮುಟ್ಟುವ ಮೊದಲೇ ಹೆದ್ದಾರಿಯಿಂದ ಎಡಕ್ಕೆ ತಿರುಗಿ, ಹುತ್ರಿದುರ್ಗದ ದಾರಿ ಹಿಡಿದೆವು. ಬೆಟ್ಟ ಹತ್ತುವ ವಯಸ್ಸನ್ನು ನಾನು ದಾಟಿ ಬಹಳ ದಿನವಾಯಿತು. ಆದರೂ ಹೊರಟುದಕ್ಕೆ ಕಾರಣ ತಂಗಾಳಿಯ ಆಸೆಯಲ್ಲ, ಕೋಟೆಯ ಕುತೂಹಲವೂ ಅಲ್ಲ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ನನ್ನ ಮೇಲೆ ಮೊಕದ್ದಮೆ ಹೂಡಿದ್ದಳು. ಸ್ಥಳ ಮಹಜರಿಗೆ ನಾನೇ ಖುದ್ದಾಗಿ ಹಾಜರಾಗಬೇಕೆಂದು ಅವಳ ಅಪ್ಪಣೆಯಾಗಿತ್ತು.

ಫಿರ್ಯಾದಿ ನನ್ನ ತಮ್ಮನ ಮಗಳು. ಈಗಿನ ಮಕ್ಕಳೆಲ್ಲರಂತೆ ಅವಳೂ ಅನಿಮೇಷನ್ ಚಿತ್ರಮಾಲೆಗಳ ಭಕ್ತೆ. ಅವುಗಳಲ್ಲಿ ಅವಳ ಮನಸ್ಸನ್ನು ಸೂರೆಗೊಂಡುದು ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಎಂಬುದು. 2005ರಿಂದ 2008ರವರೆಗೆ ಅಮೆರಿಕದಲ್ಲಿ 61 ಕಂತುಗಳಾಗಿ ಹೊರಬಂದ ಕಥೆ ಅದು. ನಮ್ಮ ಪಂಚಭೂತಗಳಲ್ಲಿ ಆಕಾಶವೊಂದನ್ನು ಕೈಬಿಟ್ಟು, ನೀರು, ಮಣ್ಣು, ಬೆಂಕಿ, ಗಾಳಿ ಎಂಬ ನಾಲ್ಕನ್ನು ಪಳಗಿಸಿಕೊಂಡ ನಾಲ್ಕು ನಾಡುಗಳ ಜನ. ನಾಲ್ಕನ್ನೂ ಆಳಬಲ್ಲವನಾಗಿ ಜನ್ಮಜನ್ಮಾಂತರಗಳಲ್ಲಿ ಮರಳಿ ಬರುವ ಅವತಾರಪುರುಷ. ಅವನು ಈ ಸಲ ಆಂಗ್ ಎಂಬ ಹನ್ನೆರಡು ವರ್ಷದ ಹುಡುಗ. ಆದರೆ ನಮ್ಮ ಹುಡುಗಿಯ ಆರಾಧ್ಯದೇವತೆ ಆಂಗ್ ಅಲ್ಲ. ಅವನಿಗೆ ಮಣ್ಣಿನ ವಿದ್ಯೆಯನ್ನು ಕಲಿಸುವ ಟಾಫ್ ಎಂಬ ಪುಟ್ಟ ಹುಡುಗಿ. ಟಾಫ್ ಹುಟ್ಟುಕುರುಡಿ. ನೆಲದ ಅದಿರನ್ನು ಬರಿಗಾಲಿನಿಂದಲೇ ಗ್ರಹಿಸಿ ಸುತ್ತಲಿನದನ್ನೆಲ್ಲ ಅರಿಯುತ್ತಾಳೆ. ಬಂಡೆ ಅವಳು ಹೇಳಿದಂತೆ ಕೇಳುತ್ತದೆ.

ಮೆಚ್ಚಿದ ಕಥೆ ಮುಗಿದುಹೋಯಿತೆಂದರೆ ಒಪ್ಪದೆ, ಅದರ ಪಾತ್ರಗಳನ್ನು ಹಿಡಿದುಕೊಂಡು ತಾವೇ ಮುಂದಿನ ಕಥೆ ಬರೆಯುವ ಅಭಿಮಾನಿಗಳು ಇಂದು ಲೋಕದ ತುಂಬ ಇದ್ದಾರೆ. ಈ ಚಿತ್ರಮಾಲೆಯ ಸುತ್ತಲೂ ಅಂಥ ಕಥೆಗಳು ಲೆಕ್ಕವಿಲ್ಲದಷ್ಟು ಬೆಳೆದಿವೆ. ನಮ್ಮ ಹುಡುಗಿ ಬರೆದುದೂ ಅದೇ ಜಾತಿಯದು. ಆದರೆ ಕನ್ನಡದಲ್ಲಿ, ನಲವತ್ತು ಪುಟದ ನೋಟುಬುಕ್ಕಿನಲ್ಲಿ. ಅವಳ ಕಥೆಯಲ್ಲಿ ಟಾಫ್ ಹುತ್ರಿದುರ್ಗಕ್ಕೆ ಬರುತ್ತಾಳೆ. ಹುತ್ರಿದುರ್ಗವೇ ಏಕೆಂದರೆ, ಅವಳ ತಾಯಿಯ ತವರು ಕುಣಿಗಲ್ಲಿನಿಂದ ಆಚೆ ಒಂದು ಹಳ್ಳಿ; ರಜೆಯಲ್ಲಿ ಸೋದರಮಾವನೊಡನೆ ಅವಳು ಎರಡು ಸಲ ಆ ಬೆಟ್ಟ ಹತ್ತಿದ್ದಳು.

ನೋಟುಬುಕ್ಕನ್ನು ಅವಳು ನನಗೆ ಕೊಟ್ಟು, “ದೊಡ್ಡಪ್ಪ, ಓದಿ ಅಭಿಪ್ರಾಯ ಬರೆಯಿರಿ” ಎಂದಳು. ನಾನು ಮೂವತ್ತೈದು ವರ್ಷ ಮೇಷ್ಟರಾಗಿದ್ದವನು. ಕೆಂಪು ಶಾಯಿಯ ಪೆನ್ನು ನನ್ನ ಜೇಬನ್ನು ಇನ್ನೂ ಬಿಟ್ಟಿರಲಿಲ್ಲ. ಮೂರು ಕಡೆ ಗುರುತು ಹಾಕಿದೆ. ನಡು ಮಧ್ಯಾಹ್ನ ಬೆಟ್ಟದ ನೆತ್ತಿಯ ಮೇಲೆ ನಿಂತ ಟಾಫ್ “ಕಣ್ಣು ಉರೀತಿದೆ, ಏನೂ ಕಾಣ್ತಿಲ್ಲ” ಎನ್ನುತ್ತಾಳೆ. ಅದರ ಪಕ್ಕದಲ್ಲಿ ‘ಹುಟ್ಟುಕುರುಡಿ! ಅಸಂಭವ’ ಎಂದು ಬರೆದೆ. ಕಥೆಯ ಕೊನೆಯಲ್ಲಿ ಇಂಗ್ಲಿಷರ ಸೈನ್ಯ ಕೋಟೆಯನ್ನು ಮುತ್ತುತ್ತದೆ. ಟಾಫ್ ಅವರನ್ನು ಹಿಮ್ಮೆಟ್ಟಿಸುತ್ತಾಳೆ. ಅಲ್ಲಿ ‘ಇತಿಹಾಸಕ್ಕೆ ವಿರುದ್ಧ’ ಎಂದು ಬರೆದೆ. ಕಡೆಯ ಪುಟದ ಕೆಳಗೆ, ‘ಇನ್ನೊಬ್ಬರ ಪಾತ್ರಗಳನ್ನು ಎರವಲು ತರುವುದೇಕೆ? ಸ್ವಂತ ಕಥೆ ಬರೆ’ ಎಂದು ಷರಾ ಹಾಕಿ ಸಹಿ ಮಾಡಿದೆ.

ಹುಡುಗಿ ಅಳಲಿಲ್ಲ, ವಾದಿಸಲೂ ಇಲ್ಲ. ನೋಟುಬುಕ್ಕನ್ನು ತೆಗೆದುಕೊಂಡು ಹೋದಳು. ಮೂರು ತಿಂಗಳ ಮೇಲೆ ತಮ್ಮನ ಹೆಂಡತಿ ಮಾತಿನ ನಡುವೆ, “ಅವಳು ಈಗ ಏನೂ ಬರೆಯುವುದಿಲ್ಲ, ಭಾವ” ಎಂದಾಗ ನನ್ನ ಕೈಲಿದ್ದ ಕಾಫಿ ಆರಿಹೋಯಿತು. ಹುಡುಗಿಯನ್ನು ಕರೆದು ಕೇಳಿದೆ. “ನೀವು ಆ ಬೆಟ್ಟ ನೋಡಿಲ್ಲ. ನೋಡಿದ ಮೇಲೆ ಹೇಳಿ” ಎಂದಳು. ಅದೇ ಮೊಕದ್ದಮೆ.

ಹುತ್ರಿದುರ್ಗ ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರು. ಬೆಂಗಳೂರು ಸೀಮೆಯ ಸುತ್ತ ಕಾವಲು ನಿಂತಂತಿರುವ ನವದುರ್ಗಗಳಲ್ಲಿ ಇದೂ ಒಂದು. ನಂದಿದುರ್ಗ, ಸಾವನದುರ್ಗ, ದೇವರಾಯನದುರ್ಗಗಳ ಒಡಹುಟ್ಟು. ಸಮುದ್ರಮಟ್ಟದಿಂದ 3,700 ಅಡಿಗೂ ಮಿಗಿಲಾದ ಎತ್ತರ. ಕೋಟೆ ಕೆಂಪೇಗೌಡರದೆಂದು ಪ್ರತೀತಿ. ತೆಂಗು ಅಡಿಕೆಯ ತೋಟಗಳು ಹಿಂದೆ ಸರಿದು, ರಾಗಿ ಕೊಯ್ದ ಹೊಲಗಳ ನಡುವೆ ಹುಲ್ಲಿನ ಮೆದೆಗಳು ಕಾಣುತ್ತಿದ್ದಂತೆ, ಬೋಳು ಬಂಡೆಯೊಂದು ಆಕಾಶಕ್ಕೆ ಬೆನ್ನು ಕೊಟ್ಟು ಎದ್ದು ನಿಂತಿತು. ಅದರ ಬುಡದಲ್ಲಿರುವ ಊರು ಸಂತೆಪೇಟೆ.

ಅಲ್ಲಿ ಒಂದು ಚಿಕ್ಕ ಅಂಗಡಿಯ ಜಗಲಿಯಲ್ಲಿ ಕುಳಿತು ಮಜ್ಜಿಗೆ ಕುಡಿದೆವು. ಎದುರಿನ ಗೋಡೆಯ ಮೇಲೆ ‘ಕುರುಕ್ಷೇತ್ರ’ ನಾಟಕದ ಭಿತ್ತಿಪತ್ರ. ಈ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಇಂದಿಗೂ ಇಳಿದಿಲ್ಲ. ರೈತರು ಕೈಯಿಂದ ಹಣ ಹಾಕಿ ಪಾರ್ಟು ಹಿಡಿಯುತ್ತಾರೆ. ಮೇಷ್ಟರನ್ನು ಕರೆಸಿ ತಿಂಗಳುಗಟ್ಟಲೆ ಕಲಿಯುತ್ತಾರೆ. ಹಾರ್ಮೋನಿಯಂ, ಸೀನರಿ, ಕಿರೀಟಗಳನ್ನು ಬಾಡಿಗೆಗೆ ತಂದು ಬೆಳಗಿನವರೆಗೆ ಆಡುತ್ತಾರೆ. ಇಲ್ಲಿಂದ ಉತ್ತರಕ್ಕಿರುವ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪೆನಿ, ಮುಂದೆ ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಆ ಗಾಳಿ ಇನ್ನೂ ಬೀಸುತ್ತಿದೆ.

ಜಗಲಿಯಲ್ಲಿ ಕುಳಿತಿದ್ದ ಮುದುಕರೊಬ್ಬರು ತಾವು ಮೂವತ್ತು ವರ್ಷ ದುರ್ಯೋಧನನ ಪಾರ್ಟು ಮಾಡಿದುದಾಗಿ ಹೇಳಿದರು. ನಾನು ತಮಾಷೆಗೆ, “ಈ ನಮ್ಮ ಹುಡುಗಿ ಬೇರೆಯವರ ಪಾತ್ರ ತಂದು ಕಥೆ ಬರೆದಿದ್ದಾಳೆ. ಹಾಗೆ ಮಾಡಬಹುದೇ ಯಜಮಾನರೇ?” ಎಂದೆ.

“ಅಲ್ಲ ಬುದ್ಧಿ, ದುರ್ಯೋಧನನ್ನ ನಾನು ಹಡೆದಿದ್ನಾ?” ಎಂದರು ಅವರು. “ಆದ್ರೂ ಮೂವತ್ತು ವರ್ಸ ಹೊತ್ಕಂಡಿವ್ನಿ. ಧರ್ಮರಾಯ ಆಡೋ ಮಾತ ಭೀಮ ಆಡುದ್ರೆ ಜನ ಎದ್ದೋಯ್ತಾರೆ. ಭೀಮ ಭೀಮನಂಗೇ ಇರ್ಬೇಕು. ಹಂಗಂತ ಹೋದ ವರ್ಸದ ಭೀಮನ್ನೇ ಈ ವರ್ಸಾನೂ ತಂದ್ರೆ ಜನ ನಿದ್ದೆ ಹೊಡೀತಾರೆ.”

ಹುಡುಗಿ ನನ್ನ ಮುಖ ನೋಡಿದಳು. ನಾನು ಮಜ್ಜಿಗೆಯ ಲೋಟ ನೋಡಿದೆ.

ಹತ್ತುವ ದಾರಿ ಮೊದಲಿಗೆ ಸುಲಭ. ಮುಂದೆ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು; ಒಂದರ ಮೇಲೊಂದು ಸುತ್ತು ಗೋಡೆ, ಒಂದರ ಹಿಂದೊಂದು ಬಾಗಿಲು. ಎರಡನೆಯ ಬಾಗಿಲಿನ ನೆರಳಿನಲ್ಲಿ ನಾನು ಉಸಿರು ಹಿಡಿಯಲು ಕುಳಿತೆ. ಮುದುಕರ ಮಾತು ಕಿವಿಯಲ್ಲೇ ಇತ್ತು. ಅವರ ದುರ್ಯೋಧನನನ್ನು ಹಿಡಿದುಕೊಂಡು ನನ್ನ ಮನಸ್ಸು ರನ್ನನಿಗೆ ಹೋಯಿತು. ರನ್ನ ವ್ಯಾಸರ ಭೀಮನನ್ನು ತಂದು ತನ್ನ ದೊರೆ ಸತ್ಯಾಶ್ರಯನೊಡನೆ ಒಂದು ಮಾಡಿದ. ಅವನಿಗಿಂತ ಮೊದಲು ಪಂಪ ಅರ್ಜುನನನ್ನು ಅರಿಕೇಸರಿಯೊಡನೆ ಒಂದು ಮಾಡಿದ್ದ. ಸಾವಿರ ವರ್ಷಗಳ ಮೇಲೆ ಬಿ. ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯವನ್ನೇ ನಾಟಕವಾಗಿ ತಿದ್ದಿ ಕಟ್ಟಿದರು. ಶ್ರೀಯವರು ಹುಟ್ಟಿದ ಸಂಪಿಗೆ ಇಲ್ಲಿಂದ ಪಶ್ಚಿಮಕ್ಕೆ, ತುರುವೇಕೆರೆ ತಾಲ್ಲೂಕಿನಲ್ಲಿದೆ. 1929ರ ‘ಅಶ್ವತ್ಥಾಮನ್’ ನಾಟಕದಲ್ಲಿ ಅವರು ಇನ್ನೂ ಮುಂದೆ ಹೋದರು. ಗ್ರೀಕ್ ಕವಿ ಸಾಫೊಕ್ಲಿಸನ ‘ಏಜಾಕ್ಸ್’ ನಾಟಕದ ದುರಂತವನ್ನು ತಂದು ನಮ್ಮ ಅಶ್ವತ್ಥಾಮನ ಮೇಲೆ ಹೊರಿಸಿದರು. ಪುರಾಣದಲ್ಲಿ ಚಿರಂಜೀವಿಯಾದವನು ಅವರ ನಾಟಕದಲ್ಲಿ ಸಾಯುತ್ತಾನೆ! ಈ ನಾಟಕವನ್ನು ತರಗತಿಯಲ್ಲಿ ವರ್ಷವರ್ಷವೂ ಕೊಂಡಾಡಿದ ನಾನು, ಒಬ್ಬ ಹುಡುಗಿಯ ನೋಟುಬುಕ್ಕಿನಲ್ಲಿ ‘ಇತಿಹಾಸಕ್ಕೆ ವಿರುದ್ಧ’ ಎಂದು ಬರೆದಿದ್ದೆ.

ಹಾಗೆಂದು ಇಂಥ ಬರವಣಿಗೆಗೆ ಆಕ್ಷೇಪವೇ ಸಲ್ಲದೆಂದಲ್ಲ. ಕುವೆಂಪು ಅವರು 1944ರಲ್ಲಿ ‘ಶೂದ್ರ ತಪಸ್ವಿ’ಯನ್ನು ಪ್ರಕಟಿಸಿದಾಗ ಶಂಬೂಕನ ಕಥೆಯ ಗತಿಯನ್ನೇ ತಿರುಗಿಸಿದ್ದರು, ರಾಮನು ಬಿಟ್ಟ ಬಾಣ ತಪಸ್ವಿಯ ತಲೆ ತೆಗೆಯದೆ, ದೂರು ತಂದ ಬ್ರಾಹ್ಮಣನ ಕಣ್ಣು ತೆರೆಸುತ್ತದೆ. ಹಳೆಯ ಕಥೆಯನ್ನು ಇಂದಿನ ಭಾವನೆಗೆ ಒಗ್ಗುವಂತೆ ಹೀಗೆ ಮಾರ್ಪಡಿಸಬಾರದೆಂದು ಮಾಸ್ತಿಯವರು ತಮ್ಮ ವಿಮರ್ಶೆಯಲ್ಲಿ ಆಕ್ಷೇಪಿಸಿದರು. ಕುವೆಂಪು ಅದಕ್ಕೆ ದೀರ್ಘವಾಗಿ ಉತ್ತರ ಕೊಟ್ಟರು. ಆ ಉತ್ತರ ಈಗ ನಾಟಕದ ಜೊತೆಗೇ ಅಚ್ಚಾಗಿದೆ. ಮಾಸ್ತಿಯವರ ಆಕ್ಷೇಪವನ್ನು ನಾನು ಒಪ್ಪುವವನಲ್ಲ. ಆದರೆ ಅವರು ಕೃತಿಯೊಡನೆ ಸೆಣಸಿದರು, ಕವಿಗೆ ಉತ್ತರ ಕೊಡುವಷ್ಟು ಗೌರವ ತೋರಿದರು. ನನ್ನ ಒಂದು ಸಾಲಿನ ಷರಾಕ್ಕೆ ಉತ್ತರ ಕೊಡಲು ಆ ಮಗುವಿಗೆ ನಾನು ಎಡೆಯನ್ನೇ ಬಿಟ್ಟಿರಲಿಲ್ಲ.

“ದೊಡ್ಡಪ್ಪ, ಇಲ್ಲಿ ಬನ್ನಿ” ಎಂದು ಹುಡುಗಿ ಮೇಲಿನಿಂದ ಕೂಗಿದಳು. ಬಂಡೆಯ ಅಂಚಿನಲ್ಲಿ ಅಂಗೈಯಗಲದ ಅಂತರದಲ್ಲಿ ಚಿಕ್ಕ ಚಿಕ್ಕ ಗುಣಿಗಳ ಸಾಲೊಂದಿತ್ತು. ಕಲ್ಲುಕುಟಿಗರು ಉಳಿಯಿಂದ ಗುಣಿ ತೋಡಿ, ಅವುಗಳಲ್ಲಿ ಬೆಣೆ ಹೊಡೆದು ಬಂಡೆಯನ್ನು ಸೀಳುವ ಕ್ರಮವನ್ನು ವಿವರಿಸಿದೆ. ಇಲ್ಲಿ ಬೆಣೆ ಹೊಡೆದಿದ್ದರು, ಕಲ್ಲು ಬಿಟ್ಟುಕೊಟ್ಟಿರಲಿಲ್ಲ. ಹುಡುಗಿ ಬೆರಳಿನಿಂದ ಗುಣಿಗಳನ್ನು ಒಂದೊಂದಾಗಿ ಮುಟ್ಟಿದಳು.

“ನನ್ನ ಕಥೆಯಲ್ಲಿ ಟಾಫ್ ಒಂದೇ ರಾತ್ರಿಯಲ್ಲಿ ಕೋಟೆ ಎಬ್ಬಿಸುತ್ತಾಳೆ” ಎಂದಳು ಮೆಲ್ಲಗೆ. “ಅದು ತಪ್ಪು ಅಲ್ಲವೇ? ಆಗ ಇವರು ಯಾರು?”

ನಾನು ಮಾತನಾಡಲಿಲ್ಲ. ಆ ಕಥೆಯಲ್ಲಿದ್ದ ನಿಜವಾದ ದೋಷ ಅದೊಂದೇ. ನನ್ನ ಕೆಂಪು ಶಾಯಿಗೆ ಅದು ಕಂಡಿರಲಿಲ್ಲ.

ನೆತ್ತಿ ತಲಪುವ ವೇಳೆಗೆ ಸೂರ್ಯ ತಲೆಯ ಮೇಲೆ ಬಂದಿದ್ದ. ಅಲ್ಲಿ ಶಂಕರೇಶ್ವರನ ಗುಡಿ. ಪೂರ್ವದ ಮಂಜಿನಲ್ಲಿ ಸಾವನದುರ್ಗ ಆನೆಯ ಬೆನ್ನಿನಂತೆ ಕಾಣುತ್ತಿತ್ತು. 1791ರ ಡಿಸೆಂಬರ್ 21ರಂದು ಅದು ಇಂಗ್ಲಿಷರ ಕೈಗೆ ಬಿದ್ದಿತು; ಕೆಲವೇ ದಿನಗಳಲ್ಲಿ ಈ ಹುತ್ರಿದುರ್ಗವೂ ಬಿದ್ದಿತು. ಟೀಪುವಿನ ರಾಜಧಾನಿಯ ಕಡೆಗೆ ಕಾರ್ನ್‌ವಾಲಿಸನ ಸೈನ್ಯಕ್ಕೆ ದಾರಿ ತೆರೆಯಿತು. ಸಾವನದುರ್ಗದ ಗತಿಯನ್ನು ಕೇಳಿದ ಇಲ್ಲಿಯ ಕಾವಲಿನವರು ಈ ಬಂಡೆಯ ಮೇಲೆ ನಿಂತು ಆ ದಿಕ್ಕನ್ನೇ ನೋಡುತ್ತಿದ್ದಿರಬೇಕು. ಅವರು ಗೆಲ್ಲಬೇಕೆಂದು ಇನ್ನೂರು ವರ್ಷಗಳ ಮೇಲೆ ಹುಡುಗಿಯೊಬ್ಬಳು ಹಾರೈಸಿದರೆ ಅದರಿಂದ ಇತಿಹಾಸಕ್ಕೆ ಏನು ನಷ್ಟ?

ಗುಡಿಗೆ ಹೋಗಲು ಜೋಡು ಬಿಟ್ಟು ಬರಿಗಾಲಿನಲ್ಲಿ ಬಂಡೆಯ ಮೇಲೆ ಹೆಜ್ಜೆಯಿಟ್ಟೆ. ನಾಲ್ಕು ಹೆಜ್ಜೆ ಹೋಗುವುದರೊಳಗೆ ಅಂಗಾಲು ಕಾದ ಕಾವಲಿಯ ಮೇಲಿಟ್ಟಂತಾಯಿತು. ಒಂದು ಕಾಲೂರಿ ಇನ್ನೊಂದನ್ನು ಎತ್ತಿ, ಕೊಕ್ಕರೆಯಂತೆ ಕುಣಿಯುತ್ತ, ಎತ್ತ ಹೋಗಬೇಕೆಂಬುದೇ ತಿಳಿಯದೆ ನಿಂತೆ. ಗುಡಿಯಾಗಲಿ ದಾರಿಯಾಗಲಿ ಆ ಗಳಿಗೆಯಲ್ಲಿ ನನ್ನ ಲಕ್ಷ್ಯದಲ್ಲಿರಲಿಲ್ಲ, ಇದ್ದುದು ಉರಿಯೊಂದೇ.

ಹುಡುಗಿ ನೆರಳಿನಿಂದ ನನ್ನನ್ನೇ ನೋಡುತ್ತಿದ್ದಳು. ಆಗ ತಟ್ಟನೆ ಹೊಳೆಯಿತು. ಟಾಫ್‌ಗೆ ಅಂಗಾಲೇ ಕಣ್ಣು. ಕಾದ ಬಂಡೆಯ ಮೇಲೆ ನಿಂತ ಅವಳು ‘ಕಣ್ಣು ಉರೀತಿದೆ, ಏನೂ ಕಾಣ್ತಿಲ್ಲ’ ಎನ್ನದೆ ಇನ್ನೇನು ಹೇಳಿಯಾಳು? ಮೂಲದ ಚಿತ್ರಮಾಲೆಯಲ್ಲೂ ಒಮ್ಮೆ ಅಂಗಾಲು ಸುಟ್ಟು ಟಾಫ್‌ಗೆ ದಿಕ್ಕು ತಪ್ಪುತ್ತದೆಯೆಂದು ಹುಡುಗಿ ಆಮೇಲೆ ತಿಳಿಸಿದಳು. ಪಾತ್ರ ಅವರದು. ಬಿಸಿಲು ಹುತ್ರಿದುರ್ಗದ್ದು. ಎರಡನ್ನೂ ಕೂಡಿಸಿದ ಮಾತು ಮಾತ್ರ ಈ ಹುಡುಗಿಯದೇ. ಭೀಮ ಭೀಮನಂತೆಯೇ ಇದ್ದ, ಹೋದ ವರ್ಷದ ಭೀಮನಾಗಿರಲಿಲ್ಲ.

ಗುಡಿಯ ನೆರಳಿನಲ್ಲಿ ಕುಳಿತು, “ನೋಟುಬುಕ್ಕು ತಂದಿದ್ದೀಯಾ?” ಎಂದೆ. ಚೀಲದಿಂದ ತೆಗೆದಳು. ತರದೆ ಇರುತ್ತಾಳೆಯೇ! ಅವಳ ಪೆನ್ಸಿಲನ್ನೇ ಕೇಳಿ ಪಡೆದು, ‘ಅಸಂಭವ’ ಎಂಬುದನ್ನು ಹೊಡೆದುಹಾಕಿ, ಹೀಗೆ ಬರೆದೆ: ‘ಈ ಮಾತು ಕಥೆಯಲ್ಲೆಲ್ಲ ಶ್ರೇಷ್ಠವಾದುದು. ವಿಮರ್ಶಕನಿಗೆ ಇದು ತಿಳಿಯಲಿಲ್ಲ. ಅವನು ಜೋಡು ಹಾಕಿಕೊಂಡು ಓದಿದ್ದ. ಕೊನೆಯಲ್ಲಿ ಕೋಟೆ ಗೆಲ್ಲಲಿ, ಅಡ್ಡಿಯಿಲ್ಲ. ಆದರೆ ಆ ಗೆಲುವಿಗೆ ಟಾಫ್ ಏನು ತೆತ್ತಳೆಂಬುದನ್ನು ಕಾಣಿಸಬೇಕು. ಕೋಟೆ ಕಟ್ಟಿದವರ ವಿಷಯ ಲೇಖಕಿಗೇ ತಿಳಿದಿದೆ.’ ಅವಳು ಓದಿಕೊಂಡಳು. ಎರಡು ಸಲ ಓದಿಕೊಂಡಳು. “ಸಹಿ?” ಎಂದಳು. ಹಾಕಿದೆ.

ಹೋಗಬಯಸುವವರಿಗೆ ಒಂದೆರಡು ಮಾತು. ಮುಂಜಾನೆಯೇ ಹತ್ತಲು ತೊಡಗಿ. ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯಿರಿ. ಮಳೆಗಾಲದಲ್ಲಿ ಬಂಡೆ ಜಾರುತ್ತದೆ. ಮಕ್ಕಳ ಕೈ ಬಿಡಬೇಡಿ. ಕೋಟೆಯ ಕಲ್ಲಿನ ಮೇಲೆ ಹೆಸರು ಕೆತ್ತುವ ದುರ್ಬುದ್ಧಿಯನ್ನು ಮನೆಯಲ್ಲೇ ಬಿಟ್ಟುಬನ್ನಿ.

ಊಟಕ್ಕೆ ಅವಳ ಅಜ್ಜಿಯ ಮನೆಗೆ ಹೊರಟೆವು. ಕುಣಿಗಲ್ ಬಂದಿತು. ಏರಿಯ ಮೇಲಿನ ಗಾಳಿ ಬೀಸಿ, ಕೆರೆಯ ನೀರು ಬಿಸಿಲಿಗೆ ಥಳಥಳಿಸುತ್ತಿತ್ತು. ಎಲ್ಲರೂ ಕಾರಿನ ಕಿಟಕಿಗೆ ಬಾಗಿದೆವು. “ಕೆರೆ ನೋಡೇ” ಎಂದು ಅವಳ ತಾಯಿ ಕರೆದಳು. ಹುಡುಗಿ ತಲೆ ಎತ್ತಲಿಲ್ಲ. ಮೊಣಕಾಲಿನ ಮೇಲೆ ನೋಟುಬುಕ್ಕನ್ನಿಟ್ಟುಕೊಂಡು ಬರೆಯುತ್ತಿದ್ದಳು. ಕದ್ದು ಇಣುಕಿ ನೋಡಿದೆ. ಟಾಫ್ ಬಂಡೆಯ ಅಂಚಿನಲ್ಲಿ ಕುಳಿತು, ಸೀಳದೆ ಉಳಿದ ಕಲ್ಲಿನ ಗುಣಿಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ಎಣಿಸುತ್ತಿದ್ದಳು.